ಅಸಂಗತ ಎಂದರೆ ಕೈಚೆಲ್ಲಿ ಕೂರುವುದಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಆಧುನಿಕ ಫ್ರೆಂಚ್ ಸಾಹಿತ್ಯದ ಬಗ್ಗೆ ಬಂದ ಲೇಖನ ಓದಿ ಖುಷಿಯಾಯಿತು. ಆದರೆ ಒಂದು ತಕರಾರಿದೆ. ಬದುಕಿಗೆ ಅರ್ಥವಿಲ್ಲ ಎಂದು ಅಲ್ಜೀರಿಯಾದಲ್ಲಿ ಹುಟ್ಟಿದ ಫ್ರೆಂಚ್ ಲೇಖಕ ಆಲ್ಬರ್ಟ್ ಕಮೂ ಹೇಳಿದ, ಅದೊಂದು ನಿರಾಶೆಯ ಸಾಹಿತ್ಯ ಎಂದು ಬರೆದು ಅಲ್ಲಿಗೇ ಮುಗಿಸಿದ್ದಾರೆ. ಕಮೂ ಶುರು ಮಾಡುವುದೇ ಅಲ್ಲಿಂದ, ಅಲ್ವಾ?

ಅವನ 'ಅನ್ಯ' ಕಾದಂಬರಿ ಮತ್ತು ಬಂಡೆಯನ್ನು ಮತ್ತೆ ಮತ್ತೆ ಬೆಟ್ಟಕ್ಕೆ ಉರುಳಿಸುವ ಶಿಕ್ಷೆ ಪಡೆದ ಗ್ರೀಕ್ ಪುರಾಣದ ಸಿಸಿಫಸ್ ಕುರಿತ ಪ್ರಬಂಧ ಎರಡೂ 1942ರಲ್ಲಿ ಬಂದವು. ಫ್ರಾನ್ಸ್ ಆಗ ಜರ್ಮನ್ನರ ಕೈಯಲ್ಲಿತ್ತು. ಮನುಷ್ಯ ಅರ್ಥ ಬೇಕು ಎಂದು ಕೂಗುತ್ತಾನೆ, ಜಗತ್ತು ಉತ್ತರ ಕೊಡುವುದಿಲ್ಲ. ಇವೆರಡರ ನಡುವಿನ ತಿಕ್ಕಾಟವನ್ನೇ ಕಮೂ ಅಸಂಗತ ಎಂದು ಕರೆದ. ಹಾಗಿದ್ದರೆ ಸಾಯಬೇಕೇ ಎಂದು ಆ ಪ್ರಬಂಧದ ಮೊದಲ ಪುಟದಲ್ಲೇ ಕೇಳಿಕೊಳ್ಳುತ್ತಾನೆ, ಇಲ್ಲ ಎಂಬ ಉತ್ತರಕ್ಕೆ ಬರುತ್ತಾನೆ. ಸತ್ತರೆ ಆ ಪ್ರಶ್ನೆಯನ್ನೇ ಬಿಟ್ಟು ಓಡಿದಂತಾಗುತ್ತದೆ. ಬದುಕಿದ್ದು, ಕಣ್ಣು ತೆರೆದೇ ಇಟ್ಟುಕೊಂಡು, ಅದನ್ನು ಎದುರಿಸಬೇಕು. ಬಂಡಾಯದ ಬೀಜ ಇಲ್ಲೇ ಇದೆ.

ಆಮೇಲಿನ 'ಪ್ಲೇಗ್' ಕಾದಂಬರಿಯನ್ನು ಲೇಖನ ಒಂದು ಸಾಲಿನಲ್ಲಿ ದಾಟಿಬಿಟ್ಟಿದೆ. ನನಗೆ ಬೇಸರವಾಗಿದ್ದು ಅದಕ್ಕೇ. ಕಮೂಗೆ ಕ್ಷಯ ಇತ್ತು, ಚಿಕಿತ್ಸೆಗೆಂದು ಫ್ರಾನ್ಸ್‌ನ ಒಂದು ಬೆಟ್ಟದ ಊರಿಗೆ ಬಂದಿದ್ದ. 1942ರ ನವೆಂಬರ್‌ನಲ್ಲಿ ಮಿತ್ರಪಡೆಗಳು ಉತ್ತರ ಆಫ್ರಿಕಾದಲ್ಲಿ ಇಳಿದಾಗ ದಾರಿ ಮುಚ್ಚಿತು, ಹೆಂಡತಿ ಅಲ್ಜೀರಿಯಾದಲ್ಲೇ ಉಳಿದಳು. ಪ್ಲೇಗ್ ಬಂದು ಅಲ್ಜೀರಿಯಾದ ಓರಾನ್ ಪಟ್ಟಣದ ಬಾಗಿಲು ಮುಚ್ಚಿ ಪ್ರೀತಿಪಾತ್ರರು ದೂರವಾಗುವ ಆ ಕಥೆಗೆ ಈ ಅಗಲಿಕೆಯ ನೋವೂ ಸೇರಿಕೊಂಡಿದೆ. ಆಮೇಲೆ ಅವನು ಜರ್ಮನ್ನರ ವಿರುದ್ಧ ಗುಟ್ಟಾಗಿ ಅಚ್ಚಾಗುತ್ತಿದ್ದ 'ಕೊಂಬಾ' ಪತ್ರಿಕೆಗೆ ದುಡಿದ. 1947ರಲ್ಲಿ ಕಾದಂಬರಿ ಹೊರಬಂತು. ಅದರ ಡಾಕ್ಟರ್ ರಿಯೂಗೆ ತನ್ನ ಗೆಲುವುಗಳೆಲ್ಲ ತಾತ್ಕಾಲಿಕ ಎಂದು ಗೊತ್ತು. ಗೊತ್ತಿದ್ದೂ ರೋಗಿಗಳ ಮನೆಗೆ ಹೋಗುತ್ತಾನೆ. ಒಂದು ಮಗು ನರಳಿ ನರಳಿ ಸತ್ತಾಗ ಪಾದ್ರಿಯ ಎದುರು ಸಿಟ್ಟಾಗುತ್ತಾನೆ, ಮಕ್ಕಳು ಹೀಗೆ ಹಿಂಸೆಪಡುವ ಸೃಷ್ಟಿಯನ್ನು ತಾನು ಸಾಯುವವರೆಗೂ ಒಪ್ಪುವುದಿಲ್ಲ ಅನ್ನುತ್ತಾನೆ. ಪ್ರೇಯಸಿಯ ಬಳಿ ಓಡಿಹೋಗಲು ಎಲ್ಲ ಏರ್ಪಾಡು ಮಾಡಿಕೊಂಡಿದ್ದ ಪತ್ರಕರ್ತ ರಾಂಬೇರ್, ತಾನೊಬ್ಬನೇ ಸುಖವಾಗಿರುವುದಕ್ಕೆ ನಾಚಿಕೆಯಾಗುತ್ತದೆ ಎಂದು ಕೊನೆಗೆ ಊರಲ್ಲೇ ಉಳಿಯುತ್ತಾನೆ. ಇದು ನಿರಾಶೆಯೇ?

ಅಸಂಗತ ನಾಟಕದವರ ವಿಷಯದಲ್ಲೂ ಹೀಗೇ ಆಗಿದೆ. ಲೇಖನದ ಪ್ರಕಾರ, 'ಗೋಡೋಗಾಗಿ ಕಾಯುತ್ತಾ' ಎಂಬ ನಾಟಕದಲ್ಲಿ ಬೆಕೆಟ್‌ನ ಪಾತ್ರಗಳು ಸುಮ್ನೆ ಕಾಯುತ್ತಾ ಕೂರುತ್ತವೆ. ಸರಿ, ಆದರೆ ಆ ನಾಟಕ ಬರೆದವನು ನಾಜಿಗಳ ವಿರುದ್ಧ ಗುಪ್ತ ಜಾಲದಲ್ಲಿ ಕೆಲಸ ಮಾಡಿದ್ದ. 1942ರಲ್ಲಿ ಒಳಗಿನವನೇ ದ್ರೋಹ ಮಾಡಿ ಜಾಲ ಸಿಕ್ಕಿಬಿದ್ದಾಗ ಪ್ಯಾರಿಸ್ ಬಿಟ್ಟು ದಕ್ಷಿಣದ ರೂಸಿಯೋ ಎಂಬ ಹಳ್ಳಿಯಲ್ಲಿ ಅಡಗಿದ್ದ. ರುಮೇನಿಯಾ ಮೂಲದ ಅಯನೆಸ್ಕೋ ಬರೆದ, ಜನರೆಲ್ಲ ಘೇಂಡಾಮೃಗಗಳಾಗುವ ನಾಟಕವೂ ಬರೀ ಹುಚ್ಚಾಟವಲ್ಲ. 1930ರ ದಶಕದ ರುಮೇನಿಯಾದಲ್ಲಿ ತನ್ನ ಸ್ನೇಹಿತರು ಒಬ್ಬೊಬ್ಬರಾಗಿ ಫ್ಯಾಸಿಸ್ಟರ ಕಡೆ ವಾಲಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಊರಿಗೆ ಊರೇ ಘೇಂಡಾಮೃಗವಾದರೂ ನಾಯಕ ಬೆರಾಂಜೆ ಒಬ್ಬನೇ ಮನುಷ್ಯನಾಗಿ ನಿಲ್ಲುತ್ತಾನೆ, ಹೆದರಿ, ನಡುಗಿ, ಅನುಮಾನಪಡುತ್ತಲೇ.

1951ರ ಬಂಡಾಯದ ಪುಸ್ತಕದಲ್ಲಿ ಕಮೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಇಷ್ಟು ದಿನ ಹೇಳಿದ್ದೆಲ್ಲ ಕೇಳಿದ ಗುಲಾಮ ಒಂದು ದಿನ 'ಇನ್ನು ಸಾಕು' ಅನ್ನುತ್ತಾನೆ. ಹಾಗನ್ನುವಾಗ ತನಗೊಬ್ಬನಿಗೇ ಅಲ್ಲ, ಎಲ್ಲರಿಗೂ ಇರುವ ಒಂದು ಘನತೆಯನ್ನು ಎತ್ತಿ ಹಿಡಿದಿರುತ್ತಾನೆ. ಹಾಗಾಗಿ ಬಂಡಾಯಕ್ಕೂ ಮಿತಿ ಬೇಕು, ನಾಳಿನ ಸ್ವರ್ಗದ ಹೆಸರಲ್ಲಿ ಇವತ್ತು ಕೊಲ್ಲುವುದಕ್ಕೆ ಅದು ನೆಪವಾಗಬಾರದು. ಸೋವಿಯತ್ ಒಕ್ಕೂಟದ ಬಲವಂತದ ದುಡಿಮೆಯ ಶಿಬಿರಗಳ ಬಗ್ಗೆ ಬಾಯಿಬಿಟ್ಟು ಮಾತಾಡಿದ್ದೂ ಸೇರಿ ಇದೇ ನಿಲುವಿನಿಂದ 1952ರಲ್ಲಿ ತತ್ವಜ್ಞಾನಿ ಸಾರ್ತ್ರ್ ಜೊತೆಗಿನ ಸ್ನೇಹ ಮುರಿದುಬಿತ್ತು. ನನ್ನ ಮಟ್ಟಿಗೆ ಆ ಜಗಳದಲ್ಲಿ ಕಮೂ ಕಡೆಗೇ ನ್ಯಾಯ ಜಾಸ್ತಿ.

ಹಾಗಂತ ಅವನನ್ನು ಪೂಜೆ ಮಾಡಿ ಎಂದು ನಾನು ಹೇಳುತ್ತಿಲ್ಲ. 'ಅನ್ಯ'ದ ನಾಯಕ ಮೆರ್ಸೋ ಸಮುದ್ರ ತೀರದಲ್ಲಿ ಕೊಂದ ಅರಬ್‌ಗೆ ಕಾದಂಬರಿಯಲ್ಲಿ ಹೆಸರೇ ಇಲ್ಲ. ಅಲ್ಜೀರಿಯಾದ ಕಬೀಲಿಯಾ ಪ್ರದೇಶದ ಬಡತನದ ಬಗ್ಗೆ 1939ರಲ್ಲೇ ಪತ್ರಿಕೆಗೆ ಸರಣಿ ಬರಹ ಬರೆದವನು, ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾಕ್ಕೆ ಪೂರ್ತಿ ಸ್ವಾತಂತ್ರ್ಯ ಕೊಡಬೇಕು ಎಂಬುದನ್ನು ಮಾತ್ರ ಒಪ್ಪಲಿಲ್ಲ. ಗುಲಾಮನ 'ಸಾಕು' ಅನ್ನುವ ಮಾತು ತನ್ನ ಊರಲ್ಲೇ ಕೇಳಿಬಂದಾಗ ಅವನಿಗೆ ಅದು ಪೂರ್ತಿ ಕೇಳಿಸಲಿಲ್ಲ ಅನ್ನುವುದು ನನಗೆ ಇಂದಿಗೂ ನೋವಿನ ಸಂಗತಿ. ಅಲ್ಜೀರಿಯಾದ ಕಮೆಲ್ ದಾವೂದ್ 2013ರಲ್ಲಿ ಫ್ರೆಂಚಿನಲ್ಲೇ ಒಂದು ಕಾದಂಬರಿ ಬರೆದು ಸತ್ತವನಿಗೆ ಮೂಸಾ ಎಂದು ಹೆಸರಿಟ್ಟ, ಕಥೆಯನ್ನು ಅವನ ತಮ್ಮನ ಬಾಯಲ್ಲಿ ಹೇಳಿಸಿದ. ಕಮೂಗೆ ಕಮೂನ ಭಾಷೆಯಲ್ಲೇ ಕೊಟ್ಟ ಉತ್ತರ ಅದು.

ದಯವಿಟ್ಟು ಮುಂದಿನ ಯಾವುದಾದರೂ ಪುರವಣಿಯಲ್ಲಿ 'ಪ್ಲೇಗ್' ಮತ್ತು ದಾವೂದ್ ಕಾದಂಬರಿ ಎರಡನ್ನೂ ಜೊತೆಗಿಟ್ಟು ಯಾರಿಂದಲಾದರೂ ಬರೆಸಿ. ಕಾಲೇಜು ಹುಡುಗರು ನಿಮ್ಮ ಪುರವಣಿ ಓದುತ್ತಾರೆ. ಅವರಿಗೆ ಅರ್ಧ ಕಮೂ ಮಾತ್ರ ಸಿಗುವುದು ಬೇಡ.

— ಒಬ್ಬ ಓದುಗ, ಮೈಸೂರು