ಸ್ಕ್ರೀನಿನಿಂದ ಹೋದ ಕಾಲಂ ಟೇಬಲ್ಲಿನಲ್ಲಿ ಇನ್ನೂ ಇದೆ

ಸಂಪಾದಕರಿಗೆ ನಮಸ್ಕಾರ.

ನಮ್ಮ ಉಡುಪಿ, ಮಂಗಳೂರು ಕಡೆಯ ಸಹಕಾರಿ ಸಂಘಗಳ ನಿರ್ದೇಶಕರು ಓದಲಿ ಅಂತಲೇ ಈ ಪತ್ರ. ನಿಮ್ಮ ಸಂಘದ ಡೇಟಾಬೇಸ್‌ನಲ್ಲಿ, ಅಂದರೆ ಸದಸ್ಯರ ಮಾಹಿತಿ ಇರುವ ಟೇಬಲ್‌ಗಳಲ್ಲಿ, ಯಾರಿಗೂ ಬೇಡದ ಹಳೇ ಕಾಲಂಗಳು ಎಷ್ಟಿವೆ ಅಂತ ಸಾಫ್ಟ್‌ವೇರ್ ಕೊಟ್ಟವರನ್ನು ಒಮ್ಮೆ ಕೇಳಿ. "ಅದು ಸುಮ್ನೆ ಒಂದು ಕಡೆ ಇರ್ತದೆ ಸರ್, ಏನೂ ತೊಂದರೆ ಇಲ್ಲ" ಅನ್ನುತ್ತಾರೆ. ತೊಂದರೆ ಇದೆ ಮಾರಾಯ್ರೇ.

ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಮಂಗಳೂರಿನ ವಿಜಯಾ ಬ್ಯಾಂಕ್ ಅದಕ್ಕೆ ಒಂದು ವರ್ಷ ಮೊದಲೇ ಬರೋಡಾ ಬ್ಯಾಂಕಿಗೆ ಸೇರಿತ್ತು. ಆಮೇಲೆ ಐಎಫ್‌ಎಸ್‌ಸಿ ಕೋಡ್‌ಗಳೂ ಬದಲಾದವು. ಸಿಂಡಿಕೇಟಿನ ಎಸ್‌ವೈಎನ್‌ಬಿ ಕೋಡ್‌ಗಳು 2021ರ ಜುಲೈ 1ರಿಂದ ನಡೆಯುವುದಿಲ್ಲ, ಸಿಎನ್‌ಆರ್‌ಬಿಯಿಂದ ಶುರುವಾಗುವ ಹೊಸ ಕೋಡೇ ಬೇಕು. ಆಗ ಎಷ್ಟೋ ಕಡೆ ಹಳೇ ಕೋಡನ್ನು ತಿದ್ದುವ ಬದಲು ಪಕ್ಕದಲ್ಲೇ ಇನ್ನೊಂದು ಕಾಲಂ ಸೇರಿಸಿದರು. ಕೆಲಸ ಬೇಗ ಮುಗಿಯಿತು, ಹಳೇದನ್ನು ಆಮೇಲೆ ತೆಗೆದರಾಯ್ತು ಅಂದುಕೊಂಡರು. ಆ "ಆಮೇಲೆ" ಬರಲೇ ಇಲ್ಲ.

ಮಹಾಸಭೆ ಮುಗಿದ ಮೇಲೆ ನಮ್ಮ ದೊಡ್ಡಮ್ಮನ ಡಿವಿಡೆಂಡ್ ಬರಲಿಲ್ಲ. ನಾನೂ ಜೊತೆಗೆ ಹೋದೆ. ಕೌಂಟರಿನ ಹುಡುಗಿ ಮಾನಿಟರ್ ತಿರುಗಿಸಿ ತೋರಿಸಿದರು, ಹೊಸ ಕೋಡ್ ಸರಿಯಾಗಿಯೇ ಇತ್ತು. ಆದರೆ ಬ್ಯಾಂಕಿಗೆ ಕಳಿಸಿದ ನೆಫ್ಟ್ ಫೈಲ್ ತೆರೆಸಿ ನೋಡಿದರೆ ದೊಡ್ಡಮ್ಮನ ಹೆಸರಿನ ಮುಂದೆ ಎಸ್‌ವೈಎನ್‌ಬಿ! ಫೈಲ್ ಮಾಡುವ ರಿಪೋರ್ಟ್ ಇವತ್ತಿಗೂ ಹಳೇ ಕಾಲಂ ಓದುತ್ತಿದೆ. ಸಾಫ್ಟ್‌ವೇರಿನವರಿಗೆ ಫೋನ್ ಮಾಡಿದರೆ "ಆ ಕಾಲಂ ತೆಗೆದಾಗಿದೆಯಲ್ಲ" ಅಂದರು. ಅವರು ತೆಗೆದದ್ದು ಸ್ಕ್ರೀನಿನಿಂದ, ಟೇಬಲ್ಲಿನಿಂದ ಅಲ್ಲ. ಬೋರ್ಡ್ ಇಳಿಸಿದರೆ ಅಂಗಡಿ ಖಾಲಿ ಆಗ್ತದಾ?

ಕಾಲಂ ತೆಗೆಯುವುದು ಒಂದು ಸಾಲಿನ ಕೆಲಸ: ಆಲ್ಟರ್ ಟೇಬಲ್, ಡ್ರಾಪ್ ಕಾಲಂ. ಕಷ್ಟ ಇರುವುದು ಅದಕ್ಕೆ ಮುಂಚೆ. ಯಾವ ವ್ಯೂ (ಟೇಬಲ್ಲಿನಿಂದ ಬೇಕಾದ್ದನ್ನು ಆರಿಸಿ ತೋರಿಸಲು ಉಳಿಸಿಟ್ಟ ಕ್ವೆರಿ), ಯಾವ ರಿಪೋರ್ಟ್, ಯಾವ ಎಕ್ಸೆಲ್ ಆ ಕಾಲಂ ಓದುತ್ತಿದೆ ಅಂತ ಹುಡುಕಬೇಕು. ಮೊದಲು ಪ್ರೋಗ್ರಾಂ ತಿದ್ದಿ, ಬ್ಯಾಕಪ್ ತೆಗೆದು, ಆ ಬ್ಯಾಕಪ್ ನಿಜವಾಗಿ ವಾಪಸ್ ಬರ್ತದಾ ಅಂತ ಬೇರೆ ಕಂಪ್ಯೂಟರಿನಲ್ಲಿ ಹಾಕಿ ನೋಡಿ, ಆಮೇಲೆ ಕಾಲಂನ ಹೆಸರು ಮಾತ್ರ ಬದಲಿಸಿ ಕೆಲವು ವಾರ ಬಿಡುವುದು ನನಗೆ ಇಷ್ಟವಾದ ದಾರಿ. ಯಾರಾದರೂ ಕದ್ದು ಓದುತ್ತಿದ್ದರೆ ಸಾಮಾನ್ಯವಾಗಿ ಅಷ್ಟರಲ್ಲಿ ಎರರ್ ಬರ್ತದೆ, ಹೆಸರು ಮತ್ತೆ ಮೊದಲಿನಂತೆ ಮಾಡಿದರೆ ಮುಗಿಯಿತು. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ವ್ಯೂ ಮಾತ್ರ ಹೀಗೆ ಸಿಕ್ಕಿಬೀಳುವುದಿಲ್ಲ, ಹೊಸ ಹೆಸರಿನಲ್ಲೂ ಹಾಗೇ ಓದಿಕೊಂಡು ಹೋಗ್ತದೆ. ಆದರೆ ವ್ಯೂ ಅವಲಂಬಿಸಿರುವ ಕಾಲಂ ತೆಗೆಯಲು ಹೋದರೆ ಪೋಸ್ಟ್‌ಗ್ರೆಸ್ ಬಿಡುವುದಿಲ್ಲ, ಬೇಕಾದರೆ ಕ್ಯಾಸ್ಕೇಡ್ (ಅವಲಂಬಿಸಿದ್ದನ್ನೂ ತೆಗೆ) ಅಂತ ಸೇರಿಸಿ ಅನ್ನುತ್ತದೆ. ಓದದೆ ಸೇರಿಸಿದರೆ ವ್ಯೂ ಕೂಡ ಹೋಗ್ತದೆ. ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲಿ ಇನ್ನೂ ಜಾಗ್ರತೆ ಬೇಕು, ಅಲ್ಲಿ ಡ್ರಾಪ್ ಮಾಡಿದ ಮೇಲೆ ರೋಲ್‌ಬ್ಯಾಕ್ (ಮಾಡಿದ್ದನ್ನು ರದ್ದು ಮಾಡು ಅನ್ನುವ ಆದೇಶ) ಕೊಟ್ಟು ಪ್ರಯೋಜನ ಇಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಟ್ರಾನ್ಸಾಕ್ಷನ್ (ಒಟ್ಟಿಗೆ ಖಾಯಂ ಆಗುವ ಕೆಲಸಗಳ ಗುಂಪು) ಒಳಗೆ ಮಾಡಿದ್ದರೆ, ಕಮಿಟ್ ಆಗುವ, ಅಂದರೆ ಖಾಯಂ ಆಗುವ ಮುಂಚೆ ವಾಪಸ್ ಬರಬಹುದು.

ಪಿಗ್ಮಿ ಕಲೆಕ್ಷನ್ ಆಪ್‌ನವರಿಗೂ ಒಂದು ಮಾತು. ಆಂಡ್ರಾಯ್ಡ್ ಫೋನಿನೊಳಗೆ ಇರುವುದು ಎಸ್‌ಕ್ಯೂಲೈಟ್ ಅನ್ನುವ ಚಿಕ್ಕ ಡೇಟಾಬೇಸ್. ಅದಕ್ಕೆ ಡ್ರಾಪ್ ಕಾಲಂ ಬಂದದ್ದೇ 2021ರಲ್ಲಿ, 3.35ನೇ ಆವೃತ್ತಿಯಲ್ಲಿ. ಹಳೇ ಫೋನುಗಳಲ್ಲಿ ಹೊಸ ಟೇಬಲ್ ಮಾಡಿ, ಡೇಟಾ ನಕಲು ಮಾಡಿ, ಹಳೇದನ್ನು ತೆಗೆದು, ಹೊಸದಕ್ಕೆ ಹಳೇ ಹೆಸರಿಡಬೇಕು. ಆಫೀಸಿನ ಹೊಸ ಫೋನಿನಲ್ಲಿ ಮಾತ್ರ ಟೆಸ್ಟ್ ಮಾಡಿ ಅಪ್‌ಡೇಟ್ ಬಿಟ್ಟರೆ, ಬಸ್‌ಸ್ಟ್ಯಾಂಡ್ ಹತ್ತಿರ ಪಿಗ್ಮಿ ಕಟ್ಟಿಸಿಕೊಳ್ಳುವವರ ಆಪ್ ಬೆಳಿಗ್ಗೆಯೇ ಬಂದ್.

ಐಎಫ್‌ಎಸ್‌ಸಿ ಹೋಗಲಿ, ಎಂದೋ ಕೇಳಿ ಈಗ ಬೇಡವಾದ ಆಧಾರ್ ನಂಬರಿನ ಕಾಲಂ ಕೂಡ ಹೀಗೇ ಬಿದ್ದಿದ್ದರೆ? ಸಂಗ್ರಹಿಸಿದ ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನಿಗೆ ಬೇಕಿಲ್ಲದಿದ್ದರೆ, ವೈಯಕ್ತಿಕ ಮಾಹಿತಿ ಅಳಿಸಬೇಕು ಅನ್ನುವುದು 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಇಲ್ಲಿ ಡ್ರಾಪ್ ಮಾಡಿದರೂ ಸಾಲದು. ಪೋಸ್ಟ್‌ಗ್ರೆಸ್ ಆ ಕಾಲಂ ಕಾಣದಂತೆ ಗುರುತು ಹಾಕ್ತದೆ ಅಷ್ಟೆ, ಟೇಬಲ್ ಪೂರ್ತಿ ಹೊಸದಾಗಿ ಬರೆಯುವವರೆಗೆ ಹಳೇ ಸಾಲುಗಳ ಡೇಟಾ ಡಿಸ್ಕಿನಲ್ಲೇ ಇರ್ತದೆ. ಹಳೇ ಬ್ಯಾಕಪ್‌ಗಳಲ್ಲಂತೂ ಇದ್ದೇ ಇರ್ತದೆ.

ಹಾಗಾಗಿ ಮುಂದಿನ ಎಎಂಸಿಗೆ (ಸಾಫ್ಟ್‌ವೇರಿನ ವಾರ್ಷಿಕ ನಿರ್ವಹಣೆ ಒಪ್ಪಂದಕ್ಕೆ) ಸಹಿ ಹಾಕುವ ಮೊದಲು ಬಳಕೆಯಲ್ಲಿಲ್ಲದ ಕಾಲಂಗಳ ಪಟ್ಟಿ ಕೇಳಿ, ಯಾವುದನ್ನು ಯಾವ ತಿಂಗಳು ತೆಗೆಯುತ್ತಾರೆ ಅಂತ ಬರೆಸಿಕೊಳ್ಳಿ. ಮಾರ್ಚ್ ಕೊನೆಯಲ್ಲಿ ಮಾತ್ರ ಬೇಡ, ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಇತಿ,
ಒಬ್ಬ ಓದುಗ, ಉಡುಪಿ