ಅಜ್ಜಿಯ ಕಥೆ ಸುಳ್ಳಲ್ಲ: ಏಳನೇ ತರಗತಿಯ ಪೋಷಕರಿಗೆ ಪತ್ರ

ಮೈಸೂರು

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ಸೋಮವಾರ ಬೆಳಗಿನ ಪ್ರಾರ್ಥನೆಗೂ ಮೊದಲೇ ಏಳನೇ ತರಗತಿಯ ಹುಡುಗಿಯೊಬ್ಬಳ ತಂದೆ ನನ್ನ ಕೊಠಡಿಯ ಬಾಗಿಲಲ್ಲಿ ನಿಂತಿದ್ದರು. ಹಿಂದಿನ ರಾತ್ರಿ ಅವರ ತಾಯಿ ಊಟ ಬಿಟ್ಟು ಮಲಗಿದ್ದರಂತೆ. "ಅಜ್ಜಿ, ಲಕ್ಷ್ಮಣರೇಖೆ ಪುಸ್ತಕದಲ್ಲಿ ಇಲ್ಲವೇ ಇಲ್ಲ, ನೀನು ಹೇಳಿದ್ದು ಸುಳ್ಳು, ನಮ್ಮ ಮಿಸ್ ಹೇಳಿದ್ದಾರೆ" ಎಂದು ಮೊಮ್ಮಗಳು ಅಂದುಬಿಟ್ಟಿದ್ದಳು. ಪ್ರತಿ ದಸರಾದಲ್ಲಿ ಬೊಂಬೆ ಕೂರಿಸುವಾಗ ಪರ್ಣಶಾಲೆಯ ಮುಂದೆ ರಂಗೋಲಿ ಪುಡಿಯಲ್ಲಿ ಆ ಗೆರೆ ಎಳೆದು ಮಕ್ಕಳಿಗೆ ಕಥೆ ಹೇಳುತ್ತಾ ಬಂದ ಹಿರಿಯರು ಅವರು. "ದೇವರ ಕಥೆಯಲ್ಲಿ ತಪ್ಪು ಹುಡುಕುವುದನ್ನು ಕಲಿಯಲೆಂದು ನಾವು ಮಗಳನ್ನು ಇಲ್ಲಿಗೆ ಕಳುಹಿಸುತ್ತಿಲ್ಲ" ಎಂದರು ಆ ತಂದೆ. ಅವರ ನೋವು ನನಗೆ ತಟ್ಟಿತು. ಆ ಹುಡುಗಿ ಹೇಳಿದ್ದನ್ನು ನಾವು ಕಲಿಸಿರಲಿಲ್ಲ ಎಂಬುದೂ ನಿಜ. ಆದ್ದರಿಂದ, ಒಂದೇ ಕಥೆಯನ್ನು ಪುಸ್ತಕದಲ್ಲಿ ಓದಿ, ಟಿವಿಯಲ್ಲಿ ನೋಡಿ, ಎರಡನ್ನೂ ಹೋಲಿಸುವ ನಮ್ಮ ಪಾಠದ ಬಗ್ಗೆ ಈ ಪತ್ರ.

ಅದೇ ವಾರ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಇನ್ನೊಂದು ದೂರು ಬಂತು. ಮನೆಯಲ್ಲಿ ಟಿವಿ ಆರಿಸಲು ನಾವು ಹೆಣಗುತ್ತಿದ್ದರೆ ಶಾಲೆಯೇ ಟಿವಿ ನೋಡಿ ಎನ್ನುತ್ತಿದೆಯಲ್ಲ ಎಂದು. ತಿಂಗಳಿಗೆ ಒಂದೇ ಒಂದು ಕಂತು, ಅದೂ ಪುಸ್ತಕದ ಭಾಗವನ್ನು ಓದಿ ಮುಗಿಸಿದ ಮೇಲೆ. ಅದಕ್ಕಿಂತ ಹೆಚ್ಚು ನೋಡಲು ನಾವು ಹೇಳಿಲ್ಲ, ಹೇಳುವುದೂ ಇಲ್ಲ.

ಈ ಪಾಠ ಆರಂಭವಾದದ್ದು ಸ್ವಾಮಿಯಿಂದ. ನಮ್ಮ ಯಾದವಗಿರಿಯಲ್ಲಿ ಬಾಳಿದ ಆರ್. ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿ 1935ರದು; ಶಂಕರ್ ನಾಗ್ ಅದನ್ನು ಆಗುಂಬೆಯಲ್ಲಿ ಚಿತ್ರೀಕರಿಸಿ 1980ರ ದಶಕದಲ್ಲಿ ದೂರದರ್ಶನಕ್ಕೆ ತಂದರು. ಎರಡನ್ನೂ ಕಂಡ ಒಬ್ಬ ಹುಡುಗ ಬರೆದ: "ಪುಸ್ತಕದಲ್ಲಿ ಸ್ವಾಮಿ ಏನು ಯೋಚಿಸುತ್ತಾನೆ ಎಂದು ಗೊತ್ತಾಗುತ್ತದೆ. ಟಿವಿಯಲ್ಲಿ ಅವನ ಮುಖ ನೋಡಿ ನಾವೇ ಊಹಿಸಬೇಕು." ಹನ್ನೆರಡು ವರ್ಷದ ಮಗು ತಾನಾಗಿಯೇ ಕಂಡುಕೊಂಡ ಮಾತು ಇದು. ಆಗ ಯಾರೂ ಬೇಸರಪಟ್ಟಿರಲಿಲ್ಲ. ಸ್ವಾಮಿಯ ಜಾಗಕ್ಕೆ ರಾಮ ಬಂದಾಗ ಬೇಸರವಾಯಿತು. ರಾಮಾಯಣ ನಮಗೆ ಬರೀ ಕಥೆಯಲ್ಲವಾದ್ದರಿಂದ ಅದು ಸಹಜ.

ತರಗತಿಯಲ್ಲಿ ನಡೆದದ್ದು ಇಷ್ಟು. ವಾಲ್ಮೀಕಿ ರಾಮಾಯಣದ ಗದ್ಯಾನುವಾದದಿಂದ ಅರಣ್ಯಕಾಂಡದ ಒಂದು ಭಾಗವನ್ನು ಮಕ್ಕಳು ಓದಿದರು. ಮಾರೀಚನ ಕೂಗು ಕೇಳಿ ಸೀತೆ ಲಕ್ಷ್ಮಣನನ್ನು ಕಟುವಾಗಿ ನಿಂದಿಸುತ್ತಾಳೆ. ಅವನು ನೊಂದು, ವನದೇವತೆಗಳು ನಿನ್ನನ್ನು ಕಾಪಾಡಲಿ ಎಂದು ಹೇಳಿ ಹೊರಡುತ್ತಾನೆ. ಅಲ್ಲಿ ಗೆರೆಯ ಮಾತಿಲ್ಲ. ಬಳಿಕ ಅದೇ ಪ್ರಸಂಗವನ್ನು ರಾಮಾನಂದ ಸಾಗರರ ಧಾರಾವಾಹಿಯಲ್ಲಿ ನೋಡಿ ಬಂದರು. ನಿಮ್ಮಲ್ಲಿ ಅನೇಕರು 1987ರ ಭಾನುವಾರದ ಬೆಳಗುಗಳಲ್ಲಿ ಅಕ್ಕಪಕ್ಕದವರೊಂದಿಗೆ ಕುಳಿತು ನೋಡಿದ್ದು ಅದನ್ನೇ. ಅಲ್ಲಿ ಗೆರೆ ಇದೆ. ಏಕೆ ಎಂದು ಶಿಕ್ಷಕಿ ಕೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ವನದೇವತೆಗಳನ್ನು ಹೇಗೆ ತೋರಿಸುವುದು ಮಿಸ್? ಗೆರೆಯಾದರೆ ಕಣ್ಣಿಗೆ ಕಾಣುತ್ತದೆ, ಸೀತೆ ಕಾಲಿಡುವಾಗ ಭಯವಾಗುತ್ತದೆ" ಎಂದಳು. ಇಂಥ ಉತ್ತರ ಕೇಳಲೆಂದೇ ನಾನು ಮೂವತ್ತು ವರ್ಷಗಳಿಂದ ಶಾಲೆಗೆ ಬರುತ್ತಿದ್ದೇನೆ.

ಆದರೆ ಒಂದು ಮಾತು ಬಿಟ್ಟುಹೋಯಿತು, ಅದು ನಮ್ಮ ತಪ್ಪು. ಆ ಗೆರೆ ಟಿವಿಯವರು ಎಳೆದದ್ದಲ್ಲ. 16ನೆಯ ಶತಮಾನದ ತುಳಸೀದಾಸರ ಕೃತಿಯಲ್ಲಿ, ಮಂಡೋದರಿ ರಾವಣನಿಗೆ ಬುದ್ಧಿ ಹೇಳುವ ಕಡೆ ಅದರ ಪ್ರಸ್ತಾಪವಿದೆ. ಅಜ್ಜಿಯರ ಬಾಯಲ್ಲಂತೂ ಟಿವಿ ಹುಟ್ಟುವ ಮೊದಲೇ ಇತ್ತು. ಆ ಅಜ್ಜಿ ಹೇಳಿದ್ದು ಸುಳ್ಳಲ್ಲ. ವಾಲ್ಮೀಕಿಯಲ್ಲಿ ಇಲ್ಲ, ನಮ್ಮ ಮನೆಯ ರಾಮಾಯಣದಲ್ಲಿ ಇದೆ, ಅಷ್ಟೇ. ಬೇರೆ ಎನ್ನುವುದು ಬೇರೆ, ಸುಳ್ಳು ಎನ್ನುವುದು ಬೇರೆ. ಹೋಲಿಸಲು ಕಲಿತ ಮಗು ಮೊದಲು ಎಡವುವುದು ಇಲ್ಲೇ: ವ್ಯತ್ಯಾಸ ಕಂಡೊಡನೆ ತೀರ್ಪು ಕೊಟ್ಟುಬಿಡುತ್ತದೆ. ಅದನ್ನು ತಿದ್ದುವುದೂ ಪಾಠದ ಭಾಗವೇ ಆಗಬೇಕಿತ್ತು. ಮಂಗಳವಾರವೇ ತರಗತಿಗೆ ಹೋಗಿ ನಾನೇ ಇದನ್ನು ಹೇಳಿದ್ದೇನೆ.

ಹಾಗೆಂದು ಈ ಪಾಠವನ್ನು ನಿಲ್ಲಿಸುವುದಿಲ್ಲ. ಇದನ್ನು ವಿನಯದಿಂದಲೇ ಹೇಳುತ್ತಿದ್ದೇನೆ, ಆದರೆ ನಿಲ್ಲಿಸುವುದಿಲ್ಲ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದ ಎಂದು ಕುಮಾರವ್ಯಾಸನೇ ಹೇಳಿದ್ದಾನೆ. ಹಲವು ರಾಮಾಯಣಗಳು ಇರುವುದು ನಮ್ಮ ಭಕ್ತಿಗೆ ಎಂದೂ ಅಡ್ಡ ಬಂದಿಲ್ಲ. ಧಾರಾವಾಹಿಯ ಮಂಥರೆಯನ್ನು ಕಂಡು ಮಕ್ಕಳು ಹಲ್ಲು ಕಚ್ಚುತ್ತಾರೆ. ಇದೇ ಮೈಸೂರಿನ ಕುವೆಂಪು ಅವರ ಕಾವ್ಯದಲ್ಲಿ ಅವಳು ಭರತನ ಮೇಲಿನ ಮಮತೆಯಲ್ಲಿ ಸಿಲುಕಿದ ಮುದುಕಿ; ಅವಳಿಗಾಗಿ ಮರುಕ ಹುಟ್ಟುತ್ತದೆ. ಇವೆರಡನ್ನೂ ಕಂಡ ಮಗು, ನಾಳೆ ಮೊಬೈಲಿನಲ್ಲಿ ಯಾರೋ ಕಳುಹಿಸಿದ ತುಣುಕನ್ನು ನೋಡಿದಾಗ, ಇದನ್ನು ಹೇಳುತ್ತಿರುವವರು ಯಾರು, ಏನನ್ನು ಬಿಟ್ಟಿದ್ದಾರೆ ಎಂದು ಒಂದು ಕ್ಷಣವಾದರೂ ನಿಲ್ಲುತ್ತದೆ ಎಂಬುದು ನನ್ನ ನಂಬಿಕೆ. ಹಿರಿಯರಿಗೆ ಎದುರು ಮಾತನಾಡುವುದನ್ನು ನಾವು ಕಲಿಸುತ್ತಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ಕಲಿಸುತ್ತಿಲ್ಲ. ಹಿರಿಯರ ಕಥೆಯನ್ನು ಪುಸ್ತಕದಷ್ಟೇ ಗಮನವಿಟ್ಟು ಕೇಳುವುದನ್ನು ಕಲಿಸಬೇಕೆಂದಿದ್ದೇವೆ.

ಅದಕ್ಕಾಗಿ ಮಕ್ಕಳ ನೋಟ್‌ಬುಕ್‌ನಲ್ಲಿ ಒಂದು ಬದಲಾವಣೆ ಮಾಡಿದ್ದೇವೆ. "ಪುಸ್ತಕದಲ್ಲಿ", "ಟಿವಿಯಲ್ಲಿ" ಎಂದು ಎರಡು ಅಂಕಣಗಳಿದ್ದವು. ಈಗ "ನಮ್ಮ ಮನೆಯಲ್ಲಿ" ಎಂಬ ಮೂರನೆಯದು ಸೇರಿದೆ. ಈ ಶನಿವಾರ ಸಂಜೆ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಸೀತಾಪಹರಣದ ಕಥೆಯನ್ನು ನಿಮಗೆ ತಿಳಿದ ಹಾಗೆ ಮಗುವಿಗೆ ಹೇಳಿ.

ಆ ಅಜ್ಜಿಯನ್ನು ಸಂಜೆ ಅವರ ಮನೆಗೇ ಹೋಗಿ ಕಂಡು ಬಂದೆ. ಬರುವ ಶುಕ್ರವಾರ ಕೊನೆಯ ಪೀರಿಯಡ್‌ನಲ್ಲಿ ತರಗತಿಗೆ ಬಂದು ಕಥೆ ಹೇಳಲು ಒಪ್ಪಿದ್ದಾರೆ. ಮೊಮ್ಮಗಳೇ ಕೈ ಹಿಡಿದು ಕರೆತರುತ್ತಾಳಂತೆ. ನಿಮ್ಮ ಮನೆಯ ಹಿರಿಯರಿಗೂ ಬರುವ ಮನಸ್ಸಿದ್ದರೆ ದಯವಿಟ್ಟು ಕರೆತನ್ನಿ. ಮೆಟ್ಟಿಲು ಹತ್ತುವುದು ಕಷ್ಟವಾದೀತೆಂದು ಅಂದಿನ ತರಗತಿಯನ್ನು ಕೆಳಗಿನ ಸಭಾಂಗಣದಲ್ಲಿ ಇಟ್ಟುಕೊಂಡಿದ್ದೇವೆ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ