ಬಾಗಿಲಿಗೆ ಒರಗಿ ಕೂತಿದ್ದ ಅಕ್ಕನಿಗೆ

ಈ ಸಲದ ನಮ್ಮ ಪ್ರೈಡ್‌ನಲ್ಲಿ ಅಂದರೆ ನಮ್ಮಂಥವರು ಹೆಮ್ಮೆಯಿಂದ ಬೀದಿಗಿಳಿಯುವ ನಡಿಗೆಯಲ್ಲಿ, ಮೊದಲ ಬಾರಿಗೆ ಮುಖವಾಡ ಇಲ್ಲದೆ ನಡೆದೆ. ಕೊನೆಯಲ್ಲಿ ಮೈಕ್ ಹಿಡಿದು, ನಾನು ತಿಪಟೂರು ಕಡೆಯ ಹುಡುಗ, ನಾನು ಗೇ ಅಂತ ಕನ್ನಡದಲ್ಲೇ ಹೇಳಿದೆ. ಕಾಲು ನಡುಗುತ್ತಿತ್ತು. ಆಮೇಲೆ ನೀವೆಲ್ಲ ಕಳಿಸಿದ ಮೆಸೇಜುಗಳಿಗೆ ಒಂದೊಂದಾಗಿ ಉತ್ತರ ಬರೆಯಲು ಆಗಲಿಲ್ಲ. ಅದಕ್ಕೇ ಈ ಬರಹ.

ಬ್ಯಾನರ್ ಬರೆದವರು, ಭಾಷಣ ತಿದ್ದಿಕೊಟ್ಟ ರೂಮ್‌ಮೇಟ್, ಫೀಸು ಬಿಟ್ಟುಕೊಟ್ಟ ಕೌನ್ಸೆಲರ್, 2008ರಲ್ಲಿ ಬೆಂಗಳೂರಿನ ಮೊದಲ ನಡಿಗೆಗೆ ಹೋಗಿ ನಮಗೆಲ್ಲ ದಾರಿ ಮಾಡಿಕೊಟ್ಟ ಹಿರಿಯರು, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಇನ್ನು ಅಕ್ಕನ ವಿಷಯ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಓದಿದರೆ ಅವರಿಗೇ ಗೊತ್ತಾಗುತ್ತದೆ.

2018ರ ಸೆಪ್ಟೆಂಬರ್ 6. ನಾವು ಅಪರಾಧಿಗಳಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ ದಿನ. ಊರೆಲ್ಲ ಕುಣಿಯುತ್ತಿತ್ತು. ಅದೇ ಖುಷಿಯಲ್ಲಿ ಮನೆಗೆ ಫೋನ್ ಮಾಡಿಬಿಟ್ಟೆ. ಅಪ್ಪ ಏನಂದರು, ಆ ರಾತ್ರಿ ನಾನು ಏನು ಮಾಡಹೊರಟಿದ್ದೆ ಅನ್ನೋದು ನಿಮಗೆ ಗೊತ್ತೇ ಇದೆ. ಯಾರೋ ಅಕ್ಕನಿಗೆ ಹೇಳಿದರು. ಅವರು ಆಟೋ ಮಾಡಿಕೊಂಡು ಬಂದು ನನ್ನನ್ನು ತಮ್ಮ ರೂಮಿಗೆ ಕರೆದುಕೊಂಡು ಹೋದರು. ಅನ್ನ, ಸಾರು ಕಲಸಿ ಕೈಗೆ ತುತ್ತಿಟ್ಟರು. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ಬೆಳಗಿನವರೆಗೂ ಏಳಲಿಲ್ಲ. ನಾನು ಹೊರಗೆ ಹೋಗಬೇಕಂದರೆ ಅವರನ್ನು ದಾಟಿಯೇ ಹೋಗಬೇಕಿತ್ತು.

ಅದಕ್ಕೆ ಮೂರು ವಾರ ಮುಂಚೆ, ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಇದೇ ಅಕ್ಕ "ಏ ತಮ್ಮಾ" ಅಂತ ಕೂಗಿದ್ದರು. ಪಕ್ಕದಲ್ಲಿ ಆಫೀಸಿನವರಿದ್ದರು. ನನಗೆ ಒಬ್ಬ ಟ್ರಾನ್ಸ್ ಹೆಂಗಸಿನ ಪರಿಚಯ ಇದೆ ಅಂತ ಅವರಿಗೆ ಗೊತ್ತಾದರೆ ಅನ್ನೋ ಭಯ. ಮುಖ ತಿರುಗಿಸಿಕೊಂಡು ಹೋಗಿಬಿಟ್ಟೆ.

ಇದನ್ನು ಯಾರಿಗೂ ಹೇಳಿರಲಿಲ್ಲ.

ಆ ರಾತ್ರಿ ಕಳೆದು ಬೆಳಗ್ಗೆ ಎದ್ದಾಗ ಅಕ್ಕ ಕಿಟಕಿ ಹತ್ತಿರ ಪುಟ್ಟ ಕನ್ನಡಿ ಇಟ್ಟುಕೊಂಡು ಚಿಮಟದಲ್ಲಿ ಗಲ್ಲದ ಕೂದಲು ಕೀಳುತ್ತಿದ್ದರು. ಒಂದೊಂದೇ. ಕಣ್ಣಲ್ಲಿ ನೀರು. "ನೋವಾಗಲ್ವಾ?" ಅಂದೆ. "ಆಗುತ್ತೆ. ಆದ್ರೆ ಆಮೇಲೆ ನನ್ನ ಮುಖ ನಂಗೆ ಸಿಗುತ್ತಲ್ಲ" ಅಂದರು.

ಸ್ಕೂಲಲ್ಲಿ ನನ್ನನ್ನು ಹೆಣ್ಣಿಗ ಅಂತಿದ್ದರು. ಅದಕ್ಕೆ ನಡಿಗೆ ಬದಲಾಯಿಸಿದೆ, ದನಿ ದಪ್ಪ ಮಾಡಿಕೊಂಡೆ, ಕೈ ಆಡದ ಹಾಗೆ ಜೇಬಲ್ಲಿ ಇಟ್ಟುಕೊಂಡೆ. ಗೇ ಅಂತ ಒಪ್ಪಿಕೊಂಡ ಮೇಲೂ "ನಾನು ಗೇ, ಆದರೆ ಹಂಗಲ್ಲ" ಅಂತಿದ್ದೆ. ಹಂಗೆ ಅಂದರೆ ಹೆಂಗೆ? ಹೆಂಗಸಿನ ಹಾಗೆ. ಅಂದರೆ ನನ್ನಮ್ಮನ ಹಾಗೆ, ಅಕ್ಕನ ಹಾಗೆ. ನನಗೆ ನಾಚಿಕೆ ಇದ್ದದ್ದು ಹುಡುಗರನ್ನು ಇಷ್ಟಪಡುವುದಕ್ಕಿಂತ ಜಾಸ್ತಿ, ನನ್ನೊಳಗಿನ ಹೆಣ್ಣುತನಕ್ಕೆ. ಹೆಣ್ಣಂದರೆ ಕೀಳು ಅಂತ ನಂಬಿದ್ದವನು ನಾನೇ. ನಮ್ಮ ಡೇಟಿಂಗ್ ಆ್ಯಪ್‌ಗಳಲ್ಲಿ "ಗಂಡಸುತನ ಇರೋರು ಮಾತ್ರ" ಅಂತ ಬರೆಯುವ ಗೆಳೆಯರೇ, ಇದನ್ನು ಸ್ವಲ್ಪ ಯೋಚಿಸಿ. ನಾವು ಆಫೀಸಿನ ಶರ್ಟಿನೊಳಗೆ ಅಡಗಿಕೊಂಡಾಗ ಬೀದಿಯಲ್ಲಿ ಪೊಲೀಸರ ಏಟು ತಿಂದವರು ಅಕ್ಕನಂಥವರು. ಅವರ ಗುರುತನ್ನು ಕೋರ್ಟ್ 2014ರಲ್ಲೇ ಒಪ್ಪಿತ್ತು. ನಾನು ಒಪ್ಪಿದ್ದು ಆ ಬೆಳಗ್ಗೆ.

ಅಪ್ಪ ಇನ್ನೂ ಮಾತಾಡುವುದಿಲ್ಲ. ಅಮ್ಮ ಮಾತಾಡುತ್ತಾಳೆ, ಅಪ್ಪ ತೋಟಕ್ಕೆ ಹೋದ ಹೊತ್ತು ನೋಡಿಕೊಂಡು. ಪ್ರೈಡ್ ವಿಡಿಯೋ ನೋಡಿದಳಂತೆ. "ಕೈ ಎಷ್ಟು ಚೆನ್ನಾಗಿ ಆಡಿಸ್ತೀಯ ಮಾತಾಡುವಾಗ" ಅಂದಳು. ಫೋನ್ ಇಟ್ಟು ತುಂಬಾ ಹೊತ್ತು ಅತ್ತೆ.

ಅಕ್ಕಾ, ಮೆಜೆಸ್ಟಿಕ್‌ನಲ್ಲಿ ಮಾಡಿದ್ದಕ್ಕೆ ಕ್ಷಮಿಸಿ. ನೀವು ಅವತ್ತು ನೋಡಿದ್ದಿರಿ ಅಂತ ನನಗೆ ಗೊತ್ತು. ನೋಡಿಯೂ ಬಂದಿರಿ. ಭಾನುವಾರ ಊಟಕ್ಕೆ ಬರುತ್ತೇನೆ. ಅಮ್ಮ ಮಾವಿನ ಉಪ್ಪಿನಕಾಯಿ ಕಳಿಸಿದ್ದಾಳೆ, ಎರಡು ಡಬ್ಬಿ. ಒಂದರ ಮೇಲೆ ಚೀಟಿ ಅಂಟಿಸಿ ನಿಮ್ಮ ಹೆಸರು ಬರೆದಿದ್ದಾಳೆ. ನೀವೇ ಇಟ್ಟುಕೊಂಡ ಹೆಸರು.